ಬಾಲಕ್ಕೊಂದು ಕಾರು

ನಮ್ಮ ಹಳೆಯ ಕಾರು ಸುಟ್ಟುಹೋದದ್ದು ಆರಿನ್‌ನ ಮರೆವಿನಿಂದ ಎಂದೇ ನಮ್ಮ ಬಿಡಾರದಲ್ಲಿ ಎಲ್ಲರೂ ನಂಬಿದ್ದರು. ಆರಿನ್ ಕೂಡ ಹಾಗೇ ನಂಬಿದ್ದಾನೆ ಎಂದುಕೊಂಡಿದ್ದೆ. ಅದರಲ್ಲಿ ಅರ್ಧ ತಪ್ಪು ನನ್ನದು ಎಂದು ತಿಳಿದವಳು ನಾನೊಬ್ಬಳೇ ಎಂಬ ಭಾವನೆ ನನ್ನದು. ಎರಡು ತಿಂಗಳು ನಾನು ತುಟಿ ಪಿಟಕ್ಕೆನ್ನಲಿಲ್ಲ.

ಆರಿನ್ ನನ್ನ ಗಂಡ. ಮದುವೆಯಾಗಿ ನಲವತ್ತಾರು ವರ್ಷ. ಹನ್ನೊಂದು ವರ್ಷದ ಹಿಂದೆ ಉತ್ತರ ಡಕೋಟಾದ ಮನೆ ಮಾರಿ, ಮೂವತ್ತಾರು ಅಡಿ ಉದ್ದದ ಮೋಟರ್‌ಹೋಮ್ ಎಂಬ ಮನೆಬಂಡಿ ಕೊಂಡು, ಅದರಲ್ಲೇ ಸಂಸಾರ ಹೂಡಿದೆವು. ಚಳಿಗಾಲಕ್ಕೆ ಅರಿಜೋನಾದ ಮರಳುಗಾಡಿನಲ್ಲಿ ಇಂಥ ಬಂಡಿಗಳವರ ಬಿಡಾರ, ಬಿಸಿಲು ಏರಿದ ಮೇಲೆ ಮತ್ತೆ ಉತ್ತರಕ್ಕೆ. ಹಾಲು ತರಲು, ಔಷಧಿ ತರಲು ಇಡೀ ಮನೆಯನ್ನೇ ಅಂಗಡಿ ಬಾಗಿಲಿಗೆ ಓಡಿಸಿಕೊಂಡು ಹೋಗುವುದಕ್ಕಾಗುತ್ತದೆಯೇ? ಅದಕ್ಕೇ ನಮ್ಮಂಥವರೆಲ್ಲ ಬಂಡಿಯ ಹಿಂದೆ ಒಂದು ಪುಟ್ಟ ಕಾರನ್ನು ಕಟ್ಟಿಕೊಂಡು ಎಳೆದೊಯ್ಯುತ್ತೇವೆ. ಅದರ ನಾಲ್ಕೂ ಚಕ್ರ ನೆಲದ ಮೇಲೇ ಉರುಳಿಕೊಂಡು ಬರುತ್ತವೆ. ಆರಿನ್ ಅದನ್ನು ಬಾಲ ಎಂದೇ ಕರೆಯುತ್ತಿದ್ದ.

ಬಾಲ ಕಟ್ಟುವುದಕ್ಕೆ ಒಂದು ಕ್ರಮವಿದೆ. ಅವನು ಕಾರಿನಲ್ಲಿ ಕೂತು ಗೇರ್ ಬಿಡಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ ಬರಬೇಕು. ಬಂಡಿ ಹತ್ತಿ ಹತ್ತು ಹೆಜ್ಜೆಯಷ್ಟು ಮುಂದಕ್ಕೆ ಎಳೆಯಬೇಕು. ನಾನು ಹಿಂದೆ ನಿಂತು ಕಾರಿನ ನಾಲ್ಕೂ ಚಕ್ರ ಉರುಳುತ್ತಿವೆಯೇ ಎಂದು ನೋಡಿ ಹೆಬ್ಬೆಟ್ಟು ಎತ್ತಬೇಕು. ಬಂಡಿಯ ಬೆನ್ನಿಗೊಂದು ಕ್ಯಾಮೆರಾ ಇದೆ. ಅವನ ಎದುರಿನ ಪುಟ್ಟ ಪರದೆಯಲ್ಲಿ ನನ್ನ ಹೆಬ್ಬೆಟ್ಟು ಕಂಡ ಮೇಲೆಯೇ ಪ್ರಯಾಣ. ಕಾರು ಕಟ್ಟುತ್ತಿರುವವರನ್ನು ಯಾರೂ ಮಾತಾಡಿಸಬಾರದು ಎನ್ನುವುದು ಬಿಡಾರದ ಕಟ್ಟಳೆ. ಕಾಫಿ ಕೊಡಲು ಬಂದವರೂ ಹತ್ತು ಮಾರು ದೂರದಲ್ಲಿ ಲೋಟ ಹಿಡಿದು ನಿಂತಿರುತ್ತಾರೆ.

ಡಿಸೆಂಬರಿನಲ್ಲಿ ಉತ್ತರದಿಂದ ಇಳಿದು ಬರುತ್ತಿದ್ದ ಆ ಬೆಳಿಗ್ಗೆ ಕಟ್ಟಳೆ ಮುರಿದದ್ದು ನನ್ನ ತಂಗಿ ಆರ್ಲಿಸ್. ಪಾಪ, ಅವಳೇನು ಎದುರಿಗಿರಲಿಲ್ಲ, ಡಕೋಟಾದಿಂದ ಫೋನ್ ಮಾಡಿದ್ದಳು. ತೆಗೆದುಕೊಂಡದ್ದು ನನ್ನ ತಪ್ಪು.

"ಅಕ್ಕಾ, ಭಾವ ನಿನ್ನೆ ಒಂದೇ ಮಾತು ಮೂರು ಸಲ ಕೇಳಿದ್ರು. ಒಂದ್ಸಲ ಡಾಕ್ಟರಿಗೆ ತೋರಿಸು" ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು. "ನಿನ್ನ ಗಂಡನ ಕಿವಿ ಕೇಳಲ್ಲ ಅಂತ ಇಡೀ ಊರಿಗೇ ಗೊತ್ತು, ಮೊದಲು ಅವನನ್ನ ತೋರಿಸು ಹೋಗು. ಆರಿನ್‌ಗೆ ಏನೂ ಆಗಿಲ್ಲ. ಕೇಳಿಸ್ತಾ? ಏನೂ ಆಗಿಲ್ಲ!" ಎಂದು ಕೂಗಾಡಿದೆ. ಕೂಗಾಡುತ್ತ ಬಂಡಿಗೆ ಬೆನ್ನು ಹಾಕಿ ತಿರುಗಿದೆ. ಬಂಡಿ ಗುರುಗುಟ್ಟಿ ಮುಂದಕ್ಕೆ ಹೋದದ್ದು ಕೇಳಿಸಿತು. ತಿರುಗದೆಯೇ ಒಂದು ಕೈ ಪಕ್ಕಕ್ಕೆ ಚಾಚಿ ಹೆಬ್ಬೆಟ್ಟು ಎತ್ತಿದೆ.

ಇಪ್ಪತ್ತಾರು ಮೈಲಿ ಹೋದ ಮೇಲೆ ಪಕ್ಕದಲ್ಲಿ ಬಂದ ಲಾರಿಯವನೊಬ್ಬ ಒಂದೇ ಸಮನೆ ಹಾರ್ನ್ ಒತ್ತಿ ಹಿಂದಕ್ಕೆ ಕೈ ತೋರಿಸಿದ. ಹೊರಟ ಮೇಲೆ ಆ ಪರದೆ ಆರಿರುತ್ತದೆ, ಅಷ್ಟು ದೊಡ್ಡ ಬಂಡಿಗೆ ಹಿಂದೆ ಏನು ಎಳೆದುಕೊಂಡು ಬರುತ್ತಿದೆ ಎನ್ನುವುದು ತಿಳಿಯುವುದೇ ಇಲ್ಲ. ಹಿಂದಿನ ಎರಡು ಚಕ್ರ ಉರುಳದೆ ಉಜ್ಜಿಕೊಂಡೇ ಬಂದು, ಟೈರು ಸವೆದು ಸಿಡಿದು ಹೊತ್ತಿಕೊಂಡಿದ್ದವು. ಕೊಂಡಿ ಬಿಡಿಸಿ ಬಂಡಿಯನ್ನು ಮುಂದಕ್ಕೆ ತರುವಷ್ಟರಲ್ಲಿ ಕಾರಿಗೇ ಬೆಂಕಿ ಹತ್ತಿತ್ತು. ಆರಿನ್ ಟೊಪ್ಪಿಗೆ ತೆಗೆದು ರಸ್ತೆಯ ಪಕ್ಕದಲ್ಲಿ ನಿಂತ.

"ಹ್ಯಾಂಡ್‌ಬ್ರೇಕ್ ಕಣೇ. ಹ್ಯಾಂಡ್‌ಬ್ರೇಕ್ ಇಳಿಸೋದನ್ನೇ ಮರ್ತೆ" ಎಂದ.

ನಾನು ಅವನ ಬೆನ್ನು ಸವರಿ, "ಹೋಗ್ಲಿ ಬಿಡು, ಯಾರಿಗಾದ್ರೂ ಆಗುತ್ತೆ" ಎಂದೆ. ದೊಡ್ಡ ಮನಸ್ಸು ಮಾಡಿ ಅವನನ್ನು ಕ್ಷಮಿಸಿದೆ! ನನ್ನ ಆ ದೊಡ್ಡ ಮನಸ್ಸನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಲ್ಲಿಂದ ಅವನು ಕುಗ್ಗುತ್ತಾ ಹೋದ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದ. ಒಲೆ ಆರಿಸಿದೆನೋ ಇಲ್ಲವೋ ಎಂದು ನನ್ನನ್ನು ಕೇಳುತ್ತಿದ್ದ, ಅವನು ಒಲೆ ಹಚ್ಚಿರುತ್ತಲೇ ಇರಲಿಲ್ಲ. ಜನವರಿಯಲ್ಲಿ ತಾನಾಗಿಯೇ ಡಾಕ್ಟರಲ್ಲಿಗೆ ಹೋಗೋಣ ಎಂದ. ಡಾಕ್ಟರು ಗಡಿಯಾರದ ಚಿತ್ರ ಬರೆಯಲು ಹೇಳಿದರು. ನಲವತ್ತು ವರ್ಷ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದ ಕೈ ಅದು. ಹನ್ನೆರಡು ಅಂಕಿಗಳನ್ನೂ ಒಂದೇ ಮಗ್ಗುಲಿಗೆ ಒತ್ತೊತ್ತಾಗಿ ಬರೆದು, ಉಳಿದರ್ಧ ಖಾಲಿ ಬಿಟ್ಟಿತು. ಮರೆವಿನ ಕಾಯಿಲೆ ಆಗಲೇ ಶುರುವಾಗಿದೆ, ಎಷ್ಟು ಬೇಗ ಏರುತ್ತದೋ ಹೇಳಲಾಗದು ಎಂದರು. ಆರ್ಲಿಸ್ ಹೇಳಿದ್ದೇ ನಿಜವಾಗಿತ್ತು.

ಕಾಯಿಲೆ ನನ್ನಿಂದ ಬಂದದ್ದಲ್ಲ, ಅಷ್ಟು ಬುದ್ಧಿ ನನಗಿದೆ. ಆದರೆ ಅವನಿಗೆ ತನ್ನ ಮೇಲಿದ್ದ ನಂಬಿಕೆ ಆ ಕಾರಿನ ಜೊತೆಗೇ ಸುಟ್ಟುಹೋಯಿತು. ಆ ಬೆಂಕಿಗೆ ನಾನೂ ಕಡ್ಡಿ ಗೀರಿದ್ದೆ. ಹೇಳಬೇಕು, ಇವತ್ತು ಹೇಳಬೇಕು ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಅವನು ಕಾಫಿ ಲೋಟ ಹಿಡಿದು, "ಇವತ್ತು ಯಾವ ವಾರ?" ಎಂದರೆ ವಾರದ ಹೆಸರು ಹೇಳಿ ಒಳಗೆ ಹೋಗಿಬಿಡುತ್ತಿದ್ದೆ.

ಫೆಬ್ರವರಿಯಲ್ಲಿ ಹೊಸ ಬಾಲ ಹುಡುಕಲು ಹೊರಟೆವು. ಇದರ ಬಗ್ಗೆ ಬುದ್ಧಿ ಹೇಳದೇ ಇದ್ದವರು ಇಡೀ ಬಿಡಾರದಲ್ಲಿ ಒಬ್ಬರೂ ಇಲ್ಲ. ಪಕ್ಕದ ಬಂಡಿಯ ಮೇವಿಸ್ ಎಂಬ ವಿಧವೆ, ಬಾಗಿಲ ಮುಂದೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕೊಕ್ಕರೆ ನೆಟ್ಟುಕೊಂಡವಳು, ನಮ್ಮನ್ನು ತನ್ನ ಕಾರಿನಲ್ಲಿ ಯೂಮಾ ಪೇಟೆಗೆ ಬಿಡುತ್ತ ದಾರಿಯುದ್ದಕ್ಕೂ ಹೇಳಿದಳು:

"ಬಣ್ಣ ನೋಡ್ಬೇಡಿ, ಸೀಟು ನೋಡ್ಬೇಡಿ. ನಾಲ್ಕು ಚಕ್ರದ ಮೇಲೆ ಎಳೀಬಹುದಾ ಅಂತ ಪುಸ್ತಕದಲ್ಲಿ ಬರ್ದಿದ್ಯಾ, ಅದು ನೋಡಿ. ಅಂಗಡಿಯವನ ಬಾಯಿಮಾತು ಕೇಳ್ಬೇಡಿ. ನನ್ನ ಮೂರನೇ ಗಂಡ ಬಾಯಿಮಾತು ಕೇಳೇ ಹಾಳಾದ."

"ಯಾರ ಬಾಯಿಮಾತು, ನಿಂದಾ?" ಎಂದ ಆರಿನ್. ಅವತ್ತು ಅವನು ಗೆಲುವಾಗಿದ್ದ.

ಹಳೆಯ ಕಾರು ಮಾರುವ ಲಯಲ್ ಪುಸ್ತಕ ಬಲ್ಲವನೇ. "ಬಾಲಕ್ಕಾ ಯಜಮಾನ್ರೇ? ಹಾಗಿದ್ರೆ ಈ ಅಂಗಳದಲ್ಲಿ ಎರಡೇ ಇರೋದು. ಮಿಕ್ಕಿದ್ದನ್ನ ನೂರು ಮೈಲಿ ಎಳೆದ್ರೆ ಗೇರ್‌ಬಾಕ್ಸು ಗಂಜಿ" ಎಂದು ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದ.

ಒಂದು ಕೆಂಪು, ಕೈಯಿಂದ ಗೇರ್ ಹಾಕುವಂಥದು. ನಮ್ಮ ಹಳೆಯದರ ಹಾಗೇ. ಗೇರ್ ಬಿಡಿಸಿ ಬ್ರೇಕ್ ಇಳಿಸಿದರೆ ಮುಗಿಯಿತು. ಇನ್ನೊಂದು ಬಿಳಿ, ತಾನೇ ಗೇರ್ ಬದಲಿಸಿಕೊಳ್ಳುವಂಥದು. ಯಾರು ಬೇಕಾದರೂ ಓಡಿಸಬಹುದು, ಆದರೆ ಎಳೆಯುವ ಮೊದಲು ಏಳು ಕೆಲಸ ಮಾಡಬೇಕು. ಇಂಜಿನ್ ಹಚ್ಚಿ, ಬ್ರೇಕ್ ಒತ್ತಿ, ಗೇರನ್ನು ಒಂದೊಂದು ಮನೆಯಲ್ಲೂ ಐದು ಎಣಿಸುವವರೆಗೆ ನಿಲ್ಲಿಸಿ, ನ್ಯೂಟ್ರಲ್ ಎಂಬ ಬಿಡುವಿನ ಮನೆಗೆ ತಂದು, ಇಂಜಿನ್ ಆರಿಸಿ, ಕೀಲಿಯನ್ನು ಪೂರ್ತಿ ತಿರುಗಿಸದೆ ಅರ್ಧಕ್ಕೆ ಬಿಟ್ಟು, ಕೊನೆಗೆ ಒಂದು ಫ್ಯೂಸ್ ಕೀಳಬೇಕು. ಒಂದು ಹಿಂದುಮುಂದಾದರೂ ಅದೂ ಗಂಜಿಯೇ.

ಆರಿನ್ ನೇರವಾಗಿ ಬಿಳಿ ಕಾರಿಗೆ ಹೋಗಿ ಕೂತ. ಲಯಲ್ ಒಂದು ಸಲ ತೋರಿಸಿಕೊಟ್ಟ. ಆಮೇಲೆ ಇವನು ಮಾಡಿದ. ಇಂಜಿನ್, ಬ್ರೇಕ್, ಗೇರು. ಅಲ್ಲಿಗೆ ಅವನ ಕೈ ನಿಂತಿತು. ಗೇರಿನ ಹಿಡಿಯ ಮೇಲೆ ಕೈ ಇಟ್ಟುಕೊಂಡು ಗಾಜಿನಾಚೆ ನೋಡುತ್ತ ಕೂತ. ಎಡ ಅಂಗೈಯನ್ನು ಮೆಲ್ಲನೆ ಬಿಚ್ಚಿ ಅದರೊಳಗೆ ಇಣುಕಿದ. ನೀಲಿ ಶಾಯಿಯಲ್ಲಿ ಏನೋ ಬರೆದುಕೊಂಡಿದ್ದ. ಏಳು ಕೆಲಸಗಳನ್ನೂ ಬಿಡಾರದಲ್ಲಿ ಯಾರ ಬಳಿಯೋ ಮೊದಲೇ ಕೇಳಿ ಬರೆದುಕೊಂಡು ಬಂದಿದ್ದ. ಬೆವರಿಗೆ ಶಾಯಿ ಕದಡಿತ್ತು. ನಾನು ನೋಡಿದ್ದು ಕಂಡು ಮುಷ್ಟಿ ಕಟ್ಟಿಕೊಂಡ.

"ಕೆಂಪುದು ತಗೊಳ್ಳೋಣ" ಎಂದೆ.

"ಯಾಕೆ?"

"ಬಣ್ಣ ಚೆನ್ನಾಗಿದೆ."

"ಬಣ್ಣ ನೋಡ್ಬೇಡಿ ಅಂತ ಮೇವಿಸ್ ಹೇಳ್ಲಿಲ್ವಾ?" ಎಂದು ಇಳಿದು ಬಂದ. "ಕೆಂಪುದನ್ನ ನೀನು ಓಡಿಸ್ತೀಯಾ?"

"ಕಲ್ತ್ಕೋತೀನಿ."

ಅವನು ಲಯಲ್ ಕಡೆ ತಿರುಗಿದ. "ಎಪ್ಪತ್ನಾಲ್ಕರಲ್ಲಿ ಇವಳಪ್ಪ ಇವಳಿಗೆ ಕ್ಲಚ್ ಕಲಿಸೋಕೆ ಹೋದ ಕಣಪ್ಪ. ಬೀಟ್ ಗಡ್ಡೆ ತುಂಬಿದ ಲಾರಿ. ಕಪ್ಪೆ ಹಾಗೆ ಕುಪ್ಪಳಿಸ್ಕೊಂಡು ಹೋಗಿ ಚರಂಡೀಲಿ ಕೂತ್ಕೊಳ್ತು. ಅರ್ಧ ಊರು ಬಂದು ಗಡ್ಡೆ ಆರಿಸ್ತು. ನಾನೂ ಆರಿಸೋಕೆ ಹೋಗಿದ್ದೆ, ಅಲ್ಲೇ ಇವಳನ್ನ ನೋಡಿದ್ದು."

ಲಯಲ್ ನಕ್ಕ. ನನಗೂ ನಗು ಬಂತು, ನಗುತ್ತ ನಗುತ್ತ ಕಣ್ಣು ತುಂಬಿತು. ಐವತ್ತು ವರ್ಷದ ಹಿಂದಿನ ಗಡ್ಡೆ ಒಂದೊಂದೂ ನೆನಪಿದೆ, ಇವತ್ತಿನ ವಾರ ನೆನಪಿಲ್ಲ.

"ಬಿಳಿದೇ ಇರ್ಲಿ" ಎಂದ ಆರಿನ್.

"ಬೇಡ."

"ಹಟ ಮಾಡ್ಬೇಡ ನೋಲಾ."

"ಹಟ ನಂದಾ? ಅದರ ಏಳು ಕೆಲಸ ಯಾರು ನೆನಪಿಟ್ಕೋತಾರೆ?"

ಬಾಯಿಂದ ಜಾರಿಹೋಯಿತು. ಲಯಲ್ ನೆಲ ನೋಡಿದ. "ಕಾಫಿ ತರ್ತೀನಿ, ಇಬ್ಬರಿಗೂ" ಎಂದು ಅಲ್ಲಿಂದ ಕಾಲು ಕಿತ್ತ.

ಆರಿನ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಬಿಳಿ ಕಾರಿಗೆ ಒರಗಿ ನಿಂತು, "ನೀನು ನೆನಪಿಟ್ಕೋತೀಯ" ಎಂದ. "ಬಂಡೀನೂ ಇನ್ನು ಮೇಲೆ ನೀನೇ ಓಡಿಸ್ತೀಯ. ಅದಕ್ಕೆ ಕ್ಲಚ್ಚಿಲ್ಲ, ಹೆದರ್ಬೇಡ. ನಾನು ಯಾವತ್ತೋ ಒಂದಿನ ಎಲ್ಲೋ ನಡುದಾರೀಲಿ ಕೂತು ನಾನ್ಯಾರು ಅಂತ ಕೇಳ್ತೀನಿ. ಆವಾಗ ನನ್ನನ್ನ ಹಾಕ್ಕೊಂಡು ಆಸ್ಪತ್ರೆಗೆ ಹೋಗೋಕೆ ನಿನಗೊಂದು ಕಾರು ಬೇಕಲ್ವಾ? ಅದು ಕೆಂಪುದಲ್ಲ."

ಅವನು ಕಾರು ನೋಡಲು ಬಂದದ್ದೇ ಇದಕ್ಕೆ. ನಾನು ಅವನ ಮರ್ಯಾದೆ ಕಾಪಾಡುವ ಕಾರು ಹುಡುಕುತ್ತಿದ್ದೆ. ಅವನು ತಾನಿಲ್ಲದ ದಿನಗಳಿಗೆ ಕಾರು ಹುಡುಕುತ್ತಿದ್ದ. ಅಲ್ಲಿಗೆ ನನ್ನ ಕಟ್ಟೆ ಒಡೆಯಿತು.

"ಆರಿನ್, ಆವತ್ತು ಹ್ಯಾಂಡ್‌ಬ್ರೇಕ್ ನೀನು ಮರ್ತೆ, ಅದು ನಿಜ. ಆದ್ರೆ ನಾನು ಚಕ್ರ ನೋಡ್ಲಿಲ್ಲ. ಫೋನಲ್ಲಿ ಆರ್ಲಿಸ್ ಜೊತೆ ಜಗಳ ಆಡ್ತಾ ಆ ಕಡೆ ತಿರುಗಿದ್ದೆ. ನೋಡ್ದೇನೇ ಹೆಬ್ಬೆಟ್ಟು ಎತ್ತಿದೆ. ನೋಡಿದ್ರೆ ಅಲ್ಲೇ ನಿಲ್ಲಿಸ್ತಿದ್ದೆ, ಏನೂ ಆಗ್ತಿರಲಿಲ್ಲ. ಎರಡು ತಿಂಗಳು ಎಲ್ಲಾನೂ ನಿನ್ನ ತಲೆ ಮೇಲೆ ಹಾಕಿ ಸುಮ್ನೆ ಕೂತೆ."

"ಗೊತ್ತು" ಎಂದ ಅವನು.

"ಏನು ಗೊತ್ತು?"

"ಪರದೇಲಿ ನಿನ್ನ ಬೆನ್ನು ಕಾಣ್ತಿತ್ತು. ಆ ಹಸಿರು ಸ್ವೆಟರು. ಕೈ ಮಾತ್ರ ಪಕ್ಕಕ್ಕೆ ಬಂತು."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. "ನೋಡ್ದೋನು ಮತ್ಯಾಕೆ ಹೊರಟೆ?"

"ಹೆಬ್ಬೆಟ್ಟು ಮೇಲಿತ್ತಲ್ಲ. ಹನ್ನೊಂದು ವರ್ಷದಲ್ಲಿ ಅದು ಒಂದ್ಸಲನೂ ನನಗೆ ಸುಳ್ಳು ಹೇಳಿರ್ಲಿಲ್ಲ."

"ಮತ್ಯಾಕೆ ಹೇಳ್ಲಿಲ್ಲ ನನಗೆ? ಬೈಬಹುದಿತ್ತಲ್ಲ! ಬೈದಿದ್ರೆ ನಾನು ಎಷ್ಟು..."

ಅವನು ಮುಷ್ಟಿ ಬಿಚ್ಚಿ ಅಂಗೈಯ ಶಾಯಿಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಬೈದಿದ್ರೆ ನೀನು ಇನ್ನೊಂದ್ಸಲ ಬಂಡಿ ಹತ್ರ ಬರ್ತಿರ್ಲಿಲ್ಲ. ನಿನ್ನ ನಾನು ಕಾಣೆನಾ? ಚರಂಡಿಗೆ ಬಿದ್ದ ದಿನದಿಂದ ಕ್ಲಚ್ ಮುಟ್ಟಿಲ್ಲ ನೀನು. ನನ್ನ ತಲೇಲಿ ಏನೋ ಆಗ್ತಿದೆ ಅಂತ ನನಗೆ ಬೇಸಿಗೇಲೇ ಗೊತ್ತಾಗಿತ್ತು ಕಣೇ. ಮನೇಲಿ ಒಬ್ಬರಿಗಾದ್ರೂ ತಮ್ಮ ಮೇಲೆ ತಮಗೆ ನಂಬಿಕೆ ಇರ್ಬೇಕು. ಅದು ಇನ್ನು ನಾನಲ್ಲ. ನೀನೂ ಬಿಟ್ಟುಬಿಟ್ರೆ ಬಂಡಿ ಓಡಿಸೋರು ಯಾರು?"

ಲಯಲ್ ಎರಡು ಕಾಗದದ ಲೋಟ ಹಿಡಿದು ದೂರದಲ್ಲೇ ನಿಂತಿದ್ದ. ಹತ್ತಿರ ಬರಬೇಕೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ. ನಾನು ಆರಿನ್‌ನ ಅಂಗಿಗೆ ಮುಖ ಒತ್ತಿ ಅತ್ತೆ. ಅರವತ್ತೆಂಟು ವರ್ಷದ ಹೆಂಗಸು ಕಾರಿನ ಅಂಗಡಿಯಲ್ಲಿ ನಿಂತು ಅಳುವುದು ನೋಡುವುದಕ್ಕೆ ಚೆನ್ನಾಗಿರಲಿಲ್ಲ.

"ಒಂದು ಮಾತು" ಎಂದ ಆರಿನ್ ನನ್ನ ನೆತ್ತಿಯ ಮೇಲೆ. "ನೀನು ಓಡಿಸು. ಏಳು ಕೆಲಸಾನೂ ನೀನೇ ಮಾಡು. ಹಿಂದೆ ನಿಂತು ಚಕ್ರ ನೋಡೋ ಕೆಲಸ ನನಗೆ ಬಿಡು. ಸುಮ್ನೆ ಸೀಟಲ್ಲಿ ಮೂಟೆ ಹಾಗೆ ಕೂರ್ಸಬೇಡ. ಚಕ್ರ ತಿರುಗ್ತಾ ಇದ್ಯಾ ಇಲ್ವಾ ಅಂತ ಹೇಳೋಷ್ಟು ತಲೆ ಇನ್ನೂ ಇದೆ."

"ಆಯ್ತು" ಎಂದೆ. ಬಿಳಿ ಕಾರು ನಮ್ಮದಾಯಿತು.

ಬಂಡಿ ಓಡಿಸುವುದನ್ನು ಕಲಿಯಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ಊರಾಚೆಯ ಬಯಲಿನಲ್ಲಿ ಆರಿನ್ ಪಕ್ಕದಲ್ಲಿ ಕೂತು ಕಲಿಸಿದ. ತಿರುವಿನಲ್ಲಿ ಯಾವಾಗ ಚುಕ್ಕಾಣಿ ತಿರುಗಿಸಬೇಕು, ಗಾಳಿ ಅಡ್ಡ ಬೀಸಿದರೆ ಹೇಗೆ ಹಿಡಿಯಬೇಕು, ಅದೊಂದೂ ಅವನು ಮರೆತಿರಲಿಲ್ಲ. ಮರಳಿ ಬರುವಾಗ ನಮ್ಮ ಜಾಗ ಯಾವುದು ಎನ್ನುವುದನ್ನು ಮಾತ್ರ ಕೇಳುತ್ತಿದ್ದ. ಹಿಂದಕ್ಕೆ ಹೊಡೆಯುವಾಗ ಒಮ್ಮೆ ನಾನು ಮೇವಿಸ್‌ಳ ಕೊಕ್ಕರೆಯನ್ನು ಚಪ್ಪಟೆ ಮಾಡಿದೆ. "ಮೂರು ಗಂಡಂದಿರಿಗಿಂತ ಜಾಸ್ತಿ ದಿನ ಬಾಳಿತ್ತು ಅದು" ಎಂದು ಅವಳು ಅದಕ್ಕೆ ಟೊಪ್ಪಿಗೆ ತೆಗೆದು ಶ್ರದ್ಧಾಂಜಲಿ ಸಲ್ಲಿಸಿದಳು. ಆರಿನ್ ಹೊಟ್ಟೆ ಹಿಡಿದು ನಕ್ಕ. ಆ ನಗುವನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಏಪ್ರಿಲ್ ಮೊದಲ ವಾರ ಬಿಸಿಲು ಚುರುಗುಟ್ಟತೊಡಗಿತು. ಉತ್ತರಕ್ಕೆ ಹೊರಡುವ ದಿನ ನಾನು ಬಿಳಿ ಕಾರಿನಲ್ಲಿ ಕೂತು ಏಳು ಕೆಲಸಗಳನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತ ಮಾಡಿದೆ. ಆರಿನ್ ಕಿಟಕಿಯ ಬಳಿ ನಿಂತು ಒಂದೊಂದಕ್ಕೂ ತಲೆಯಾಡಿಸಿದ. ಬೀಳ್ಕೊಡಲು ಬಂದ ಮೇವಿಸ್ ಮತ್ತು ಉಳಿದವರು ಕಟ್ಟಳೆಯಂತೆ ದೂರದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅವನು ಟೊಪ್ಪಿಗೆ ಸರಿಮಾಡಿಕೊಂಡು ಬಂಡಿಯ ಹಿಂದಕ್ಕೆ ಹೋದ, ನಾನು ನಿಲ್ಲುತ್ತಿದ್ದ ಜಾಗಕ್ಕೆ.

ನಾನು ಬಂಡಿ ಹತ್ತಿದೆ. ಹತ್ತು ಹೆಜ್ಜೆಯಷ್ಟು ಮೆಲ್ಲಗೆ ಮುಂದಕ್ಕೆ ಎಳೆದೆ. ಪರದೆಯಲ್ಲಿ ಆರಿನ್ ಕಂಡ. ಅವನು ಚಕ್ರ ನೋಡುತ್ತಿರಲಿಲ್ಲ. ಪೊದೆಯ ಬುಡದಿಂದ ಒಂದು ಲಾವಕ್ಕಿ ತನ್ನ ಬೆರಳುದ್ದದ ಮರಿಗಳನ್ನು ಸಾಲುಹಿಡಿಸಿಕೊಂಡು ಜಲ್ಲಿಯ ಮೇಲೆ ಹೊರಟಿತ್ತು. ಅವನು ಅದನ್ನೇ ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದ. ಕೊನೆಯ ಮರಿ ಪೊದೆ ಸೇರುವವರೆಗೂ ನೋಡಿದ. ಆಮೇಲೆ ಏನೋ ನೆನಪಾದವನಂತೆ ನೆಟ್ಟಗಾಗಿ, ಕ್ಯಾಮೆರಾದ ಕಡೆ ತಿರುಗಿ, ತೋಳು ಪೂರ್ತಿ ಚಾಚಿ ಹೆಬ್ಬೆಟ್ಟು ಎತ್ತಿದ. ಅವನ ಮುಖದಲ್ಲಿ ಎಂಥ ಹೆಮ್ಮೆ ಇತ್ತು!

ಡಿಸೆಂಬರಿನ ಆ ಬೆಳಿಗ್ಗೆ ಇದೇ ಪರದೆಯಲ್ಲಿ ನನ್ನ ಬೆನ್ನು ಕಂಡಾಗ ಅವನಿಗೆ ಹೇಗಾಗಿರಬೇಕು ಎನ್ನುವುದು ನನಗೆ ಆಗ ತಿಳಿಯಿತು. ಅವನು ನನ್ನನ್ನು ನಂಬಿ ಹೊರಟಿದ್ದ. ನಾನು ಅವನನ್ನು ನಂಬಿ ಹೊರಡುವಂತಿರಲಿಲ್ಲ. ಅದಕ್ಕಿಂತ ದೊಡ್ಡ ದುಃಖ ಈ ಕಾಯಿಲೆಯಲ್ಲಿ ನನಗೆ ಇನ್ನೂ ಬಂದಿಲ್ಲ.

ಬ್ರೇಕ್ ಹಾಕಿ, ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿ ಕೆಳಗಿಳಿದೆ.

"ಯಾಕೆ? ಹೆಬ್ಬೆಟ್ಟು ಕಾಣ್ಲಿಲ್ವಾ?" ಎಂದು ಕೂಗಿದ.

"ಕಾಣಿಸ್ತು ಕಣೋ. ಕನ್ನಡಕ ಎಲ್ಲೋ ಬೀಳಿಸಿಬಿಟ್ಟೆ. ಆಗ ಕಾರಿನ ಹತ್ರ ಓಡಾಡ್ತಿದ್ದೆನಲ್ಲ, ಇಲ್ಲೇ ಎಲ್ಲೋ ಇರ್ಬೇಕು" ಎಂದು ತಲೆ ಬಗ್ಗಿಸಿ ಹುಡುಕುತ್ತ ಬಂದೆ. ಉರುಳಿದ ಚಕ್ರ ಜಲ್ಲಿಮಣ್ಣಿನ ಮೇಲೆ ಟೈರಿನ ಅಚ್ಚು ಬಿಡುತ್ತದೆ, ಉರುಳದೆ ಎಳೆದುಕೊಂಡು ಬಂದದ್ದು ಗೀರು ಬಿಡುತ್ತದೆ. ಎಡಗಡೆಯ ಎರಡು ಚಕ್ರಗಳ ಹಿಂದೆ ಅಚ್ಚು ನೋಡಿದೆ. ಕಾರನ್ನು ಸುತ್ತಿ ಬಲಗಡೆಯ ಎರಡೂ ನೋಡಿದೆ. ಎಲ್ಲಿಯೂ ಗೀರಿರಲಿಲ್ಲ.

ಆರಿನ್ ಬಿದ್ದು ಬಿದ್ದು ನಗತೊಡಗಿದ. "ತಲೆ ಮೇಲೇ ಇದ್ಯಲ್ಲೇ ಮುದುಕಿ! ಏಯ್ ಮೇವಿಸ್, ನೋಡಿಲ್ಲಿ, ಕನ್ನಡಕ ತಲೆ ಮೇಲಿಟ್ಕೊಂಡು ನೆಲ ಹುಡುಕ್ತಿದ್ದಾಳೆ. ಮರೆವು ನನಗಂತೆ!"

ದೂರದಲ್ಲಿ ನಿಂತವರೆಲ್ಲ ನಕ್ಕರು. ಮೇವಿಸ್ ಒಬ್ಬಳು ನಗಲಿಲ್ಲ. ನಾನು ತಲೆ ಮುಟ್ಟಿ ನೋಡಿಕೊಂಡು, ನಾಚಿದವಳಂತೆ ಕನ್ನಡಕ ಇಳಿಸಿ ಮೂಗಿಗೇರಿಸಿಕೊಂಡೆ.

"ನಾಲ್ಕೂ ಉರುಳ್ತಾ ಇದ್ವು. ಸರಿಯಾಗಿ ನೋಡ್ದೆ" ಎಂದ.

"ನೀನು ನೋಡಿದ್ಮೇಲೆ ಇನ್ನೇನು" ಎಂದೆ. "ಬಾ, ಹತ್ತು."

ಅವನು ನನ್ನ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಕಟ್ಟಿಕೊಂಡ. ಬಿಡಾರದ ಬಾಗಿಲು ದಾಟುವಾಗ, ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಿದ. ಉತ್ತರಕ್ಕೆ ಎಂದು ಹೇಳಿದೆ.